ದಾವೆಯಲ್ಲಿ ಮೈನರ್ ಇದ್ದರೆ: ಕೋರ್ಟ್ ಗಾರ್ಡಿಯನ್ ಮಾಡಬೇಕಾದ ಕೆಲಸ

ಪಾಲು ವಿಭಾಗದ ದಾವೆಗಳಲ್ಲಿ ಪಕ್ಷಕಾರರ ಪಟ್ಟಿ ನೋಡಿದರೆ ಇಂಥದೊಂದು ಸಾಲು ಸಾಮಾನ್ಯ: "3ನೇ ಪ್ರತಿವಾದಿ ಮೈನರ್, ಗಾರ್ಡಿಯನ್ ತಾಯಿ 2ನೇ ಪ್ರತಿವಾದಿ." ಮೈನರ್ ಎಂದರೆ 18 ತುಂಬದವರು, ಗಾರ್ಡಿಯನ್ ಎಂದರೆ ದಾವೆಯಲ್ಲಿ ಅವರ ಪರ ನಿಲ್ಲುವವರು. ವಾದಪತ್ರದಲ್ಲಿ ಹಾಗೆ ಟೈಪಿಸಿದ ಮಾತ್ರಕ್ಕೆ ತಾಯಿ ಆ ದಾವೆಗೆ ಗಾರ್ಡಿಯನ್ ಆಗುವುದಿಲ್ಲ. ಮೈನರ್ ವಾದಿಯಾಗಿದ್ದರೆ ನೆಕ್ಸ್ಟ್ ಫ್ರೆಂಡ್ (ಮೈನರ್ ಪರ ದಾವೆ ನಡೆಸುವ ದೊಡ್ಡವರು) ಮೂಲಕ ದಾವೆ ಹೂಡಬಹುದು, ಅದಕ್ಕೆ ನೇಮಕದ ಆದೇಶ ಬೇಕಿಲ್ಲ. ಮೈನರ್ ಪ್ರತಿವಾದಿಯಾದಾಗ ಮಾತ್ರ ಸಿಪಿಸಿ (ಸಿವಿಲ್ ಪ್ರಕ್ರಿಯಾ ಸಂಹಿತೆ) 32ನೇ ಆದೇಶದ 3ನೇ ನಿಯಮದಂತೆ ನ್ಯಾಯಾಲಯವೇ ನೇಮಿಸಬೇಕು.

ಕ್ರಮ ಹೀಗಿದೆ. ವಾದಿ ಮಧ್ಯಂತರ ಅರ್ಜಿ ಹಾಕುತ್ತಾರೆ. ಸೂಚಿತ ವ್ಯಕ್ತಿ ಯೋಗ್ಯರು, ದಾವೆಯ ವಿಷಯದಲ್ಲಿ ಅವರಿಗೆ ಮಗುವಿನ ಹಿತಕ್ಕೆ ವಿರುದ್ಧವಾದ ಹಿತಾಸಕ್ತಿ ಇಲ್ಲ ಎಂಬ ಪ್ರಮಾಣಪತ್ರ (ಅಫಿಡವಿಟ್) ಜೊತೆಗಿರಬೇಕು. ನ್ಯಾಯಾಲಯ ಈ ಮೊದಲೇ ನೇಮಿಸಿದ ಪೋಷಕರಿದ್ದರೆ ಅವರಿಗೆ, ಇಲ್ಲವಾದರೆ ತಂದೆಗೆ, ತಂದೆ ಇಲ್ಲದಿದ್ದರೆ ತಾಯಿಗೆ, ಇಬ್ಬರೂ ಇಲ್ಲದಿದ್ದರೆ ಮಗು ಯಾರ ಆರೈಕೆಯಲ್ಲಿದೆಯೋ ಅವರಿಗೆ ನೋಟಿಸ್ ಹೋಗಬೇಕು. ಸೂಚಿತ ವ್ಯಕ್ತಿಯ ಲಿಖಿತ ಒಪ್ಪಿಗೆ ಬೇಕೇ ಬೇಕು. ಇಷ್ಟಾದ ಮೇಲೆ ಆದೇಶ.

ಎಡವುವುದು ಇಲ್ಲೇ. ಅರ್ಜಿ ಹಾಕಿರುತ್ತಾರೆ, ಅದರ ಮೇಲೆ ಆದೇಶವೇ ಆಗಿರುವುದಿಲ್ಲ. ತಾಯಿ ನೋಟಿಸ್ ಪಡೆದು ಸುಮ್ಮನಿರುತ್ತಾಳೆ. ಅವಳ ಜೊತೆಗೆ ಮಗುವನ್ನೂ ಎಕ್ಸ್‌ಪಾರ್ಟಿ (ಗೈರುಹಾಜರು) ಎಂದು ಇಟ್ಟು ದಾವೆ ಸಾಕ್ಷ್ಯದ ಹಂತಕ್ಕೆ ಓಡುತ್ತದೆ. ದೊಡ್ಡವರನ್ನು ಹಾಗೆ ಇಡಬಹುದು. ಆದರೆ ಗಾರ್ಡಿಯನ್ನೇ ಇಲ್ಲದ ಮೈನರ್ ವಿರುದ್ಧ ಆದ ಡಿಕ್ರಿ (ತೀರ್ಪಿನ ಆಜ್ಞೆ) ಅಸಿಂಧು, ಅದು ಅಮಲ್ಜಾರಿಯ, ಅಂದರೆ ಡಿಕ್ರಿ ಜಾರಿಯ, ಹಂತದಲ್ಲೂ ಉರುಳಬಹುದು. ಅಷ್ಟರಲ್ಲಿ ಜಮೀನು ಎರಡು ಕೈ ಬದಲಾಗಿರುತ್ತದೆ.

ಹಿತಾಸಕ್ತಿಯ ಸಂಘರ್ಷ ಇನ್ನೂ ಸೂಕ್ಷ್ಮ. ತಂದೆ ತೀರಿಹೋಗಿದ್ದಾರೆ, ತಾಯಿ ಜಮೀನು ಮಾರಲು ಕರಾರು ಬರೆದುಕೊಟ್ಟು ಮುಂಗಡ ಪಡೆದಿದ್ದಾಳೆ, ಕೊಳ್ಳುವವನು ಕ್ರಯಪತ್ರಕ್ಕಾಗಿ ದಾವೆ ಹೂಡುತ್ತಾನೆ. ಮಗುವಿನ ಪರ ಎತ್ತಬೇಕಾದ ಮೊದಲ ತಕರಾರು ತಾಯಿಯ ಸಹಿಯದ್ದೇ. ಜಮೀನು ತಂದೆಯ ಸ್ವಯಾರ್ಜಿತವಾಗಿದ್ದು ಮಗುವಿಗೆ ಪ್ರತ್ಯೇಕ ಪಾಲು ಬಂದಿದ್ದರೆ, 1956ರ ಹಿಂದೂ ಅಪ್ರಾಪ್ತ ವಯಸ್ಕತೆ ಮತ್ತು ಪೋಷಕತ್ವ ಕಾಯ್ದೆಯ 8ನೇ ಕಲಮಿನಡಿ ನ್ಯಾಯಾಲಯದ ಅನುಮತಿ ಇಲ್ಲದೆ ಅದನ್ನು ಪರಭಾರೆ (ಮಾರಾಟದಂಥ ಹಸ್ತಾಂತರ) ಮಾಡುವಂತಿಲ್ಲ. ಸಹಿ ಹಾಕಿದವಳೇ ಈ ತಕರಾರು ಎತ್ತುತ್ತಾಳೆಂದು ನಿರೀಕ್ಷಿಸುವುದು ಹೇಗೆ? ತಾಯಿ ಕೆಟ್ಟವಳು ಎಂದಲ್ಲ, ಆ ಜಾಗದಲ್ಲಿ ನಿಂತು ಮಗುವಿನ ಪರ ಮಾತಾಡಲು ಆಕೆಗೆ ಆಗದು, ಅಷ್ಟೆ. ಇಂಥಲ್ಲಿ ತಾತ ಅಥವಾ ಸೋದರಮಾವ ಮುಂದೆ ಬರದಿದ್ದರೆ ಸಿಪಿಸಿ 32ನೇ ಆದೇಶದ 4ನೇ ನಿಯಮದಡಿ ನ್ಯಾಯಾಲಯ ತನ್ನ ಅಧಿಕಾರಿಯನ್ನು ನೇಮಿಸಬಹುದು. ರೂಢಿಯಲ್ಲಿ ಒಬ್ಬ ವಕೀಲರನ್ನು ನೇಮಿಸುತ್ತಾರೆ. ಅವರ ಖರ್ಚನ್ನು ಪಕ್ಷಕಾರರಿಂದಲೋ ಮಗುವಿನ ಆಸ್ತಿಯಿಂದಲೋ ಕೊಡಿಸಲು ನ್ಯಾಯಾಲಯ ಆದೇಶಿಸಬಹುದು.

ಹೀಗೆ ನೇಮಕವಾದ ಕೋರ್ಟ್ ಗಾರ್ಡಿಯನ್ ಸಲ್ಲಿಸುವ ಲಿಖಿತ ಹೇಳಿಕೆ ಹಲವು ಕಡತಗಳಲ್ಲಿ ನಾಲ್ಕೇ ಸಾಲು: ವಾದಪತ್ರದ ಅಂಶಗಳು ತಿಳಿದಿಲ್ಲ, ವಾದಿ ರುಜುವಾತು ಮಾಡಲಿ, ಮೈನರ್ ಹಿತ ಕಾಪಾಡಬೇಕು. ಇದು ಪ್ರತಿನಿಧಿತ್ವ ಅಲ್ಲ, ಹಾಜರಿ. ಕೆಲಸ ಶುರುವಾಗಬೇಕಾದ್ದು ಮಗುವನ್ನೂ ಅದನ್ನು ಸಾಕುತ್ತಿರುವವರನ್ನೂ ಭೇಟಿಯಾಗುವುದರಿಂದ. ಆಮೇಲೆ ವಂಶವೃಕ್ಷ, ಪಹಣಿ, ಮ್ಯುಟೇಶನ್, ಋಣಭಾರ ಪ್ರಮಾಣಪತ್ರ. ಆಸ್ತಿ ಪಿತ್ರಾರ್ಜಿತವೋ ಸ್ವಯಾರ್ಜಿತವೋ ಎಂಬುದರ ಮೇಲೆ ಮಗುವಿನ ಹಕ್ಕೇ ಬದಲಾಗುವುದರಿಂದ ಆ ಪ್ರಶ್ನೆಗೆ ದಾಖಲೆ ಹುಡುಕದೆ ಹೇಳಿಕೆ ಬರೆಯಬಾರದು. ದಾವೆಯಲ್ಲಿ ಸೇರಿಸದೆ ಬಿಟ್ಟ ಸರ್ವೆ ನಂಬರ್ ಇದೆಯೇ ಎಂದೂ ನೋಡಬೇಕು, ಬೇಕೆಂದೇ ಬಿಟ್ಟಿರುವುದುಂಟು.

ರಾಜಿಯ ದಿನ ಹೆಚ್ಚು ಎಚ್ಚರ ಬೇಕು. 7ನೇ ನಿಯಮದಂತೆ ಮೈನರ್ ಪರ ರಾಜಿಗೆ ನ್ಯಾಯಾಲಯದ ಅನುಮತಿ ಬೇಕು, ಆ ಅನುಮತಿ ಆದೇಶ ಹಾಳೆಯಲ್ಲಿ ಸ್ಪಷ್ಟವಾಗಿ ದಾಖಲಾಗಬೇಕು. ಗಾರ್ಡಿಯನ್‌ರ ಪ್ರಮಾಣಪತ್ರ, ಮೈನರ್ ಪರ ವಕೀಲರಿದ್ದರೆ ಈ ರಾಜಿ ಮಗುವಿಗೆ ಅನುಕೂಲಕರ ಎಂಬ ಅವರ ದೃಢೀಕರಣ, ಎರಡೂ ಅರ್ಜಿಯ ಜೊತೆಗಿರಬೇಕು. ಲೋಕ ಅದಾಲತ್ತಿನ ಗಡಿಬಿಡಿಯಲ್ಲಿ ಇದೇ ಬಿಟ್ಟುಹೋಗುತ್ತದೆ. ಅನುಮತಿ ಇಲ್ಲದ ರಾಜಿಯನ್ನು ಮುಂದೊಂದು ದಿನ ಮೈನರ್ ರದ್ದು ಮಾಡಿಸಬಹುದು, ಉಳಿದವರಿಗೆ ಆ ಅವಕಾಶ ಇಲ್ಲ. ಇನ್ನು ರಾಜಿಯ ಒಳಗೇನಿದೆ? ಗುಂಟೆ ಲೆಕ್ಕ ಸಮ ಇರುತ್ತದೆ, ನಕ್ಷೆ ಬಿಡಿಸಿದರೆ ಕೊಳವೆ ಬಾವಿ ದೊಡ್ಡಪ್ಪನ ಕಡೆ, ದಾರಿ ಇಲ್ಲದ ಹಿಂಬದಿ ತುಂಡು ಮಗುವಿನ ಕಡೆ. ಬ್ಯಾಂಕಿನ ಸಾಲ ಯಾವ ಸರ್ವೆ ನಂಬರಿನ ಮೇಲಿದೆ ಎಂದೂ ಕೇಳಬೇಕು. ನಕ್ಷೆ ಇಲ್ಲದ ರಾಜಿಗೆ ಗಾರ್ಡಿಯನ್ ಸಹಿ ಹಾಕಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಮೈನರ್ ಪರ ಬರುವ ಹಣದ ವಿಷಯ ಸರಳ: ನ್ಯಾಯಾಲಯದ ಅನುಮತಿ ಇಲ್ಲದೆ ಗಾರ್ಡಿಯನ್ ಅದನ್ನು ಪಡೆಯುವಂತಿಲ್ಲ. ಮೋಟಾರು ಅಪಘಾತ ಪರಿಹಾರದಲ್ಲಿ ಮೈನರ್ ಪಾಲನ್ನು ಪ್ರಾಪ್ತ ವಯಸ್ಸಿನವರೆಗೆ ನಿಶ್ಚಿತ ಠೇವಣಿಯಲ್ಲಿಡುವ ಪದ್ಧತಿಗೆ ಸುಪ್ರೀಂ ಕೋರ್ಟಿನ ಸೂಸಮ್ಮ ಥಾಮಸ್ ಪ್ರಕರಣದ ತೀರ್ಪಿನ ಬೆಂಬಲವಿದೆ.

ಗಾರ್ಡಿಯನ್‌ಗೆ ವಿರುದ್ಧ ಹಿತಾಸಕ್ತಿ ಇತ್ತು ಎಂಬುದೊಂದರಿಂದಲೇ ಡಿಕ್ರಿ ಬೀಳುವುದಿಲ್ಲ. ಅದರಿಂದ ಮೈನರ್‌ಗೆ ಬಾಧಕವಾಯಿತು ಎಂದು ತೋರಿಸಬೇಕು ಎನ್ನುತ್ತದೆ 32ನೇ ಆದೇಶದ 3-ಎ ನಿಯಮ. ಗಾರ್ಡಿಯನ್‌ರ ಘೋರ ನಿರ್ಲಕ್ಷ್ಯವನ್ನೂ ಆಧಾರವಾಗಿ ಎತ್ತಬಹುದೆಂದು ಸುಪ್ರೀಂ ಕೋರ್ಟ್ 1995ರ ಅಶರ್ಫಿ ಲಾಲ್ ಪ್ರಕರಣದಲ್ಲಿ ಒಪ್ಪಿದೆ. ಪೋಷಕರು ಮಾಡಿದ ಪರಭಾರೆಯನ್ನು ಪ್ರಶ್ನಿಸಲು ಪ್ರಾಪ್ತನಾದ ಮೇಲೆ 3 ವರ್ಷ, ಅಂದರೆ 21 ತುಂಬುವ ತನಕ ಕಾಲಾವಕಾಶ.

ನೇಮಕ ಒಮ್ಮೆ ಆದರೆ ಮೇಲ್ಮನವಿ, ಅಮಲ್ಜಾರಿಯವರೆಗೂ ಮುಂದುವರಿಯುತ್ತದೆ. ನಡುವೆ ಗಾರ್ಡಿಯನ್ ತೀರಿಕೊಂಡರೆ ಹೊಸಬರನ್ನು ನೇಮಿಸಬೇಕು. ಮಗುವಿಗೆ 18 ತುಂಬಿದಾಗ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಅಥವಾ ಜನನ ಪ್ರಮಾಣಪತ್ರದೊಂದಿಗೆ ಮೆಮೊ ಹಾಕಿ, ಗಾರ್ಡಿಯನ್‌ರನ್ನು ಬಿಡುಗಡೆ ಮಾಡಿಸಿ, ಹೊಸ ವಕಾಲತ್ತು ಸಲ್ಲಿಸಬೇಕು. ವಾದಿಯಾಗಿದ್ದ ಮೈನರ್ ಆದರೆ ದಾವೆ ಮುಂದುವರಿಸುತ್ತಾನೋ ಕೈಬಿಡುತ್ತಾನೋ ಎಂಬುದನ್ನು ಆಗ ತಾನೇ ತೀರ್ಮಾನಿಸಿ ತಿಳಿಸಬೇಕು.