ಪೆಟ್ಟಿಗೆಗೂ ಫೋಟೋಗೂ ನಡುವಿನ ಕೆಲಸ: ಮಾದರಿ ಕಟ್ಟುವವರ ಪತ್ರಿಕೆಗಳಿಂದ ಓದುಗರು ಬಯಸುತ್ತಾ ಬಂದದ್ದು

ವಿಮಾನ, ಟ್ಯಾಂಕ್, ಹಡಗುಗಳ ಸ್ಕೇಲ್ ಮಾದರಿ ಕಟ್ಟುವ ಹವ್ಯಾಸಿಗಳಿಗೆ ತಮ್ಮ ಪತ್ರಿಕೆಗಳ ಮೇಲೆ ಬಹಳ ಕಾಲದಿಂದ ಒಂದು ದೂರಿದೆ. ಹೊಸ ಕಿಟ್‌ಗಳ, ಅಂದರೆ ಜೋಡಿಸಬೇಕಾದ ಬಿಡಿಭಾಗಗಳ ಪೆಟ್ಟಿಗೆಗಳ, ಪರಿಚಯ ಬೇಕಾದಷ್ಟಿರುತ್ತದೆ, ಸಿದ್ಧವಾದ ಮಾದರಿಗಳ ಚಂದದ ಫೋಟೋಗಳೂ ಇರುತ್ತವೆ. ಇವೆರಡರ ನಡುವೆ ಮೇಜಿನ ಮೇಲೆ ನಡೆದ ಕೆಲಸ ಮಾತ್ರ ಕಾಣಿಸುವುದಿಲ್ಲ. ರೆಕ್ಕೆ ಮತ್ತು ಒಡಲು ಸೇರುವಲ್ಲಿ ಸಂದು ಉಳಿದರೆ ಏನು ಮಾಡಬೇಕು? ಪುಟ್ಟಿ ತುಂಬಿ ಉಪ್ಪುಕಾಗದದಿಂದ ಉಜ್ಜುವಾಗ ಅಳಿಸಿಹೋದ, ವಿಮಾನದ ಮೈಮೇಲಿನ ತಗಡುಗಳ ಅಂಚು ತೋರುವ ಗೆರೆಗಳನ್ನು ಮತ್ತೆ ಕೊರೆಯುವುದು ಹೇಗೆ? ಓದುಗರು ಹಣ ಕೊಟ್ಟು ಪತ್ರಿಕೆ ಕೊಳ್ಳುವುದು ಇಂಥ ಪ್ರಶ್ನೆಗಳ ಉತ್ತರಕ್ಕಾಗಿ. ಇತಿಹಾಸವೂ ಅದನ್ನೇ ಹೇಳುತ್ತದೆ.

ಬ್ರಿಟನ್ನಿನ ಏರ್‌ಫಿಕ್ಸ್ ಕಂಪನಿ 1952ರಲ್ಲಿ ‘ಗೋಲ್ಡನ್ ಹೈಂಡ್’ ಹಡಗಿನ ಪುಟ್ಟ ಪ್ಲಾಸ್ಟಿಕ್ ಕಿಟ್ ಅನ್ನು ವುಲ್‌ವರ್ತ್ ಮಳಿಗೆಗಳಲ್ಲಿ ಎರಡು ಶಿಲಿಂಗ್‌ಗೆ ಮಾರಾಟಕ್ಕಿಟ್ಟಿತು. ಕೆಲವೇ ವರ್ಷಗಳಲ್ಲಿ 1/72 ಅಳತೆಯ ಸ್ಪಿಟ್‌ಫೈರ್ ಯುದ್ಧವಿಮಾನ ಬಂತು. ಈ ಅಳತೆಯಲ್ಲಿ ನಿಜವಾದ ಆರು ಅಡಿ ಮಾದರಿಯಲ್ಲಿ ಒಂದು ಇಂಚಾಗುತ್ತದೆ. ಸುಮಾರು 11 ಮೀಟರ್ ಅಗಲದ ಸ್ಪಿಟ್‌ಫೈರ್ ರೆಕ್ಕೆ ಹದಿನೈದೂವರೆ ಸೆಂಟಿಮೀಟರ್‌ಗೆ ಇಳಿಯುತ್ತದೆ. ಮಾದರಿಯಲ್ಲಿ ಒಂದೇ ಒಂದು ಮಿಲಿಮೀಟರ್ ತಪ್ಪಿದರೂ ಅದು ನಿಜವಾದ ವಿಮಾನದಲ್ಲಿ ಏಳು ಸೆಂಟಿಮೀಟರ್‌ಗಿಂತ ದೊಡ್ಡ ತಪ್ಪು. ಆ ಕಾಲದ ಕಿಟ್‌ಗಳಲ್ಲಿ ಇದಕ್ಕಿಂತ ದೊಡ್ಡ ತಪ್ಪುಗಳೂ ಇರುತ್ತಿದ್ದವು. ಆದ್ದರಿಂದ ಹವ್ಯಾಸಿಗೆ ಮೊದಲು ಬೇಕಾದದ್ದು ನಂಬಬಹುದಾದ ಅಳತೆಯ ನಕ್ಷೆ.

1960ರಲ್ಲಿ ‘ಏರ್‌ಫಿಕ್ಸ್ ಮ್ಯಾಗಜೀನ್’ ಹುಟ್ಟಿತು. ಹೆಸರೇ ಹೇಳುವಂತೆ ಅದು ಕಂಪನಿಯ ಹೆಸರನ್ನೂ ಸರಕನ್ನೂ ಮನೆಮನೆಗೆ ಮುಟ್ಟಿಸುವ ಪತ್ರಿಕೆ. ಆದರೂ ಅದರ ದೊಡ್ಡ ಕೊಡುಗೆ ಜಾಹೀರಾತಲ್ಲ, ರೂಪಾಂತರದ ಲೇಖನಗಳು. ಅಂಗಡಿಯಲ್ಲಿ ಸಿಗುವ ಒಂದು ವಿಮಾನದ ಕಿಟ್ ತೆಗೆದುಕೊಂಡು, ಮೂಗು ಕತ್ತರಿಸಿ, ಪ್ಲಾಸ್ಟಿಕ್ ಹಾಳೆಯಿಂದ ಹೊಸ ಭಾಗ ಮಾಡಿ, ಅಂಗಡಿಯಲ್ಲೆಲ್ಲೂ ಸಿಗದ ಇನ್ನೊಂದು ಮಾದರಿಯನ್ನು ಹೊರತರುವ ವಿಧಾನವನ್ನು ಅವು ಕಲಿಸಿದವು. ಬಿಡಿಭಾಗಗಳನ್ನು ಹಿಡಿದಿಟ್ಟಿರುವ ಪ್ಲಾಸ್ಟಿಕ್ ಕಡ್ಡಿಯನ್ನು ಮೇಣದಬತ್ತಿಯ ಉರಿಗೆ ಹಿಡಿದು, ಮೆತ್ತಗಾದಾಗ ಎಳೆದರೆ ಕೂದಲೆಳೆಯಷ್ಟು ತೆಳುವಾದ ಆಂಟೆನಾ ತಂತಿ ಸಿದ್ಧವಾಗುತ್ತದೆ. ಬಿಸಾಡಬೇಕಾದ ತುಣುಕಿನಿಂದ ಇಷ್ಟು ಸೊಗಸಾದ ಕೆಲಸ ಮಾಡಿಸುವ ಬರವಣಿಗೆಯನ್ನು ನಾನು ಈ ಪ್ರಕಾರದ ಅತ್ಯುತ್ತಮ ಬರವಣಿಗೆ ಎನ್ನುತ್ತೇನೆ.

ಆ ಪತ್ರಿಕೆಯ ಸಂಪಾದಕರಾಗಿದ್ದ ಅಲನ್ ಡಬ್ಲ್ಯು. ಹಾಲ್ 1978ರಲ್ಲಿ ‘ಸ್ಕೇಲ್ ಏರ್‌ಕ್ರಾಫ್ಟ್ ಮಾಡೆಲಿಂಗ್’ ಆರಂಭಿಸಿದರು. ವಿಮಾನಗಳ ಚರಿತ್ರೆ, ನಕ್ಷೆ, ಬಣ್ಣ, ಗುರುತುಗಳಿಗೆ ಅಲ್ಲಿ ದೊಡ್ಡ ಸ್ಥಾನವಿತ್ತು. ಇಂಥ ಸಂಚಿಕೆ ಓದಿ ಮುಗಿದ ಮೇಲೂ ರದ್ದಿಗೆ ಹೋಗುವುದಿಲ್ಲ; ಹತ್ತು ವರ್ಷದ ನಂತರ ಆ ವಿಮಾನ ಕಟ್ಟಲು ಕುಳಿತಾಗ ಮತ್ತೆ ಕಪಾಟಿನಿಂದ ಇಳಿಯುತ್ತದೆ.

ಅಮೆರಿಕದಲ್ಲಿ ದಾರಿ ಬೇರೆಯಾಗಿತ್ತು. 1970ರ ದಶಕದಲ್ಲಿ ಮೊನೊಗ್ರಾಂ ಕಂಪನಿಯ ಕೆಲವು ಕಿಟ್‌ಗಳೊಳಗೆ ಮಾದರಿ ಕಲಾವಿದ ಶೆಪ್ ಪೇನ್ ರಚಿಸಿದ ಡಯೋರಾಮಾಗಳ, ಅಂದರೆ ಮಾದರಿಗಳನ್ನಿಟ್ಟು ಕಟ್ಟಿದ ದೃಶ್ಯಗಳ, ಕರಪತ್ರ ಇರುತ್ತಿತ್ತು. ಯುದ್ಧಭೂಮಿಯ ದೃಶ್ಯವೊಂದನ್ನು ಹೇಗೆ ಕಟ್ಟಿದರೆಂದು ಅದರಲ್ಲಿ ಅವರೇ ವಿವರಿಸಿದ್ದರು. ಒಂದು ತಲೆಮಾರಿನ ಹವ್ಯಾಸಿಗಳು ಆ ಹಾಳೆಗಳಿಂದ ಕಲಿತರು. 1934ರಿಂದ ‘ಮಾಡೆಲ್ ರೈಲ್‌ರೋಡರ್’ ನಡೆಸುತ್ತಿದ್ದ ಕಾಲ್ಮ್‌ಬಾಕ್ ಸಂಸ್ಥೆ 1982ರಲ್ಲಿ ತಂದ ‘ಫೈನ್‌ಸ್ಕೇಲ್ ಮಾಡೆಲರ್’ ಇದೇ ಕಲಿಸುವ ಗುಣವನ್ನು ಪತ್ರಿಕೆಗೆ ತಂದಿತು: ಹಂತಕ್ಕೊಂದು ಚಿತ್ರ, ಚಿತ್ರಕ್ಕೊಂದು ವಿವರಣೆ.

ಮುಂದೆ ಕಿಟ್‌ಗಳೇ ಸುಧಾರಿಸಿದವು. ಜಪಾನಿನ ತಮಿಯಾದಂಥ ಕಂಪನಿಗಳ ಭಾಗಗಳು ಪುಟ್ಟಿಯ ಹಂಗಿಲ್ಲದೆ ಕೂಡತೊಡಗಿದವು. ಜೆಕ್ ದೇಶದ ಎಡುವಾರ್ಡ್ ಕಂಪನಿ ಆಮ್ಲದಿಂದ ಕೊರೆದ ತೆಳು ಲೋಹದ ಭಾಗಗಳನ್ನು ಮಾರಿತು. ಸ್ವತಃ ಮಾಡಬೇಕಿದ್ದದ್ದು ಕೊಳ್ಳಲು ಸಿಗತೊಡಗಿದಾಗ ಎಷ್ಟೋ ಲೇಖನಗಳು ಸೊರಗಿದವು. ಯಾವ ಕಂಪನಿಯ ಯಾವ ಭಾಗ ಅಂಟಿಸಿದೆ ಎಂಬ ಪಟ್ಟಿಯೇ ಲೇಖನವಾಯಿತು. ವಿಮರ್ಶೆಯ ಬಗ್ಗೆ ಅನುಮಾನ ಮೂಡಿದ್ದೂ ಸಹಜ. ಕಿಟ್ ಉಚಿತವಾಗಿ ಕಳಿಸುವವರೂ ಜಾಹೀರಾತು ಕೊಡುವವರೂ ಒಬ್ಬರೇ ಆದಾಗ ‘ರೆಕ್ಕೆಯ ಆಕಾರ ತಪ್ಪಾಗಿದೆ’ ಎಂದು ಬರೆಯಲು ಸಂಪಾದಕನಿಗೆ ಧೈರ್ಯ ಬೇಕು. ಆ ಧೈರ್ಯ ತೋರಿದ ಪತ್ರಿಕೆಯನ್ನು ಓದುಗ ನೆನಪಿಟ್ಟುಕೊಳ್ಳುತ್ತಾನೆ.

ಅಂತರ್ಜಾಲ ಬಂದ ಮೇಲೆ ಸುದ್ದಿಯ ಕೆಲಸವೂ ಕೈತಪ್ಪಿತು. ಹೊಸ ಕಿಟ್ ಅಂಗಡಿಗೆ ಬಂದ ವಾರವೇ ಅದರ ಪ್ರತಿ ಭಾಗದ ಚಿತ್ರ ಎಲ್ಲರಿಗೂ ಸಿಗುತ್ತದೆ. ಅಚ್ಚಿನ ಪತ್ರಿಕೆ ತಿಂಗಳುಗಟ್ಟಲೆ ಹಿಂದೆ ಉಳಿಯುತ್ತದೆ. 2024ರಲ್ಲಿ ಕಾಲ್ಮ್‌ಬಾಕ್ ತನ್ನ ಮಾದರಿ ಪತ್ರಿಕೆಗಳನ್ನು ಫೈರ್‌ಕ್ರೌನ್ ಸಂಸ್ಥೆಗೆ ಮಾರಿತು. ಇತ್ತ ಸ್ಪೇನಿನಲ್ಲಿ ಬಣ್ಣದ ಕಂಪನಿಗಳೇ ಪ್ರಕಾಶಕರಾದವು. ಅಲ್ಲಿಂದ ಬಂದ ‘ದಿ ವೆದರಿಂಗ್ ಮ್ಯಾಗಜೀನ್’ ಮಾದರಿಗೆ ಬಳಸಿ ಹಳತಾದ ನೋಟ ಕೊಡುವ ಕೆಲಸವನ್ನು ತುಕ್ಕು, ಧೂಳು, ಕೆಸರು ಹೀಗೆ ಸಂಚಿಕೆಗೊಂದು ವಿಷಯ ಹಿಡಿದು ಹಂತಹಂತವಾಗಿ ಕಲಿಸಿತು. ಅದರ ಯಶಸ್ಸು ಓದುಗರ ಹಳೆಯ ಬೇಡಿಕೆಗೇ ಸಾಕ್ಷಿ. ಆದರೆ ತುಕ್ಕಿನ ಬಣ್ಣಕ್ಕೆ ಕಂಪನಿಯ ಶೀಸೆಯೇ ಬೇಕೆಂದಿಲ್ಲ. ಕಂದು ಬಣ್ಣ, ತೆಳ್ಳಗಾಗಿಸುವ ದ್ರಾವಣ, ಒಂದು ಸ್ಪಂಜಿನ ಚೂರಿದ್ದರೂ ಸಾಕು. ಅದನ್ನು ಹೇಳುವ ಲೇಖಕ ಬೇಕು.

ಪತ್ರಿಕೆಗಳು ಯಾವ ವಿಮಾನವನ್ನು ಆರಿಸುತ್ತವೆ ಎಂಬುದೂ ಕನ್ನಡದ ಓದುಗರಿಗೆ ಮುಖ್ಯ. ಜರ್ಮನಿಯ ಕುರ್ಟ್ ಟ್ಯಾಂಕ್ ವಿನ್ಯಾಸಗೊಳಿಸಿದ ಯುದ್ಧವಿಮಾನ ಫೋಕೆವುಲ್ಫ್ 190 ಬಗ್ಗೆ ಮಾದರಿ ಪತ್ರಿಕೆಗಳು ಲೆಕ್ಕವಿಲ್ಲದಷ್ಟು ಪುಟ ಬರೆದಿವೆ. ಅದೇ ಕುರ್ಟ್ ಟ್ಯಾಂಕ್ ಬೆಂಗಳೂರಿನ ಎಚ್‌ಎಎಲ್‌ನಲ್ಲಿ ರೂಪಿಸಿದ ಯುದ್ಧವಿಮಾನ ಎಚ್‌ಎಫ್-24 ಮಾರುತ್ 1961ರ ಜೂನ್ 17ರಂದು ಮೊದಲ ಬಾರಿ ಹಾರಿತು. ಅದರ ನಕ್ಷೆ, ಬಣ್ಣದ ವಿವರಗಳಿಗೆ ಆ ಪತ್ರಿಕೆಗಳಲ್ಲಿ ಸಿಕ್ಕ ಜಾಗ ತೀರಾ ಕಡಿಮೆ. ಮಾರುತ್ ವಿಮಾನ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯದಲ್ಲೂ ಎಚ್‌ಎಎಲ್ ಸಂಗ್ರಹಾಲಯದಲ್ಲೂ ಕಣ್ಣೆದುರೇ ಇದೆ. ಕ್ಯಾಮೆರಾ ಹಿಡಿದು ಸುತ್ತ ನಡೆದು, ಗಾಳಿ ಒಳಹೋಗುವ ಬಾಯಿಯ ಆಕಾರ, ಚಕ್ರದ ಕೋಣೆ, ಬಾಲದ ಓರೆ ಎಲ್ಲವನ್ನೂ ದಾಖಲಿಸುವ ಅವಕಾಶ ಇಲ್ಲಿನ ಹವ್ಯಾಸಿಗಳಿಗಿದೆ.