ಸ್ಯಾಟಲೈಟ್ ಫೋಟೋ ನೋಡಿ ಬೋರ್ ಪಾಯಿಂಟ್ ಹೇಳಬಹುದಾ?

ಪ್ರಶ್ನೆ: "ಸರ್, ನಮ್ದು ಆಳಂದ ತಾಲೂಕಿನಾಗ ನಾಲ್ಕು ಎಕರೆ ಹೊಲ ಅದ. ಎರಡು ಬೋರ್ ಫೇಲ್ ಆಗ್ಯಾವ. ಈಗ ಒಬ್ರು ಬಂದು, ಹೈಪರ್‌ಸ್ಪೆಕ್ಟ್ರಲ್ ಸ್ಯಾಟಲೈಟ್ ಫೋಟೋದಾಗ ನೆಲದಾಗಿನ ನೀರು ಕಾಣ್ತದ, ಪಾಯಿಂಟ್ ಹಾಕಿ ಕೊಡ್ತೀವಿ ಅಂತಾರ. ನಂಬಬಹುದೇನ್ರಿ?"

ನಂಬಬೇಡಿ. ದುಡ್ಡನ್ನೂ ಕೊಡಬೇಡಿ.

ಉತ್ತರ ಅಷ್ಟೇ. ಆದರೆ ಇಷ್ಟಕ್ಕೇ ನಿಲ್ಲಿಸಿದರೆ ಇದೇ ಪ್ರಶ್ನೆ ನಾಳೆ ಜೇವರ್ಗಿಯಿಂದ ಬರುತ್ತದೆ, ನಾಡಿದ್ದು ಹುಮನಾಬಾದಿನಿಂದ. ಹಾಗಾಗಿ ಇನ್ನೊಮ್ಮೆ, ಪೂರ್ತಿಯಾಗಿ ಹೇಳುತ್ತೇನೆ.

ಬಿಸಿಲು ನೆಲದ ಮೇಲೆ ಬೀಳುತ್ತದೆ. ಪ್ರತಿಯೊಂದು ವಸ್ತುವೂ ಅದರಲ್ಲಿ ಒಂದಿಷ್ಟನ್ನು ನುಂಗಿ, ಉಳಿದದ್ದನ್ನು ವಾಪಸ್ ಕಳಿಸುತ್ತದೆ. ನಿಮ್ಮ ಮೊಬೈಲ್ ಕ್ಯಾಮೆರಾ ಆ ಬೆಳಕನ್ನು ಕೆಂಪು, ಹಸಿರು, ನೀಲಿ ಎಂದು ಮೂರು ಪಾಲು ಮಾಡುತ್ತದೆ. ಹೈಪರ್‌ಸ್ಪೆಕ್ಟ್ರಲ್ ಫೋಟೋ ತೆಗೆಯುವ ಇಮೇಜಿಂಗ್ ಸ್ಪೆಕ್ಟ್ರೋಮೀಟರ್ ಅದನ್ನೇ ನೂರಾರು ಸಣ್ಣ ಪಾಲು ಮಾಡುತ್ತದೆ, ಅದೂ ಚಿತ್ರದ ಒಂದೊಂದು ಪಿಕ್ಸೆಲ್‌ಗೂ. ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕೂ ಇದರಲ್ಲಿ ಸೇರಿದೆ, ಸುಮಾರು 2500 ನ್ಯಾನೋಮೀಟರ್‌ವರೆಗೆ (ಬೆಳಕಿನ ಅಲೆಯ ಉದ್ದವನ್ನು ಹೇಳುವ ಅಳತೆ ಇದು). ಇಸ್ರೋ 2018ರ ನವೆಂಬರ್ 29ರಂದು ಹಾರಿಸಿದ ಹೈಸಿಸ್ ಇಂಥದ್ದೇ. ನಾಸಾ 2022ರಲ್ಲಿ ಅಂತರಿಕ್ಷ ನಿಲ್ದಾಣಕ್ಕೆ ಕಳಿಸಿದ ಎಮಿಟ್ ಕೂಡ ಇಂಥದ್ದೇ. ಅದಕ್ಕೆ 285 ಬ್ಯಾಂಡ್, ಅಂದರೆ ಬೆಳಕನ್ನು ಅಷ್ಟು ಪಾಲು ಮಾಡುತ್ತದೆ.

ಇಲ್ಲಿ ಗಮನಿಸಬೇಕಾದ್ದು ಒಂದೇ. ಆ ಬೆಳಕು ವಾಪಸ್ ಬರುವುದು ನೆಲದ ಮೇಲ್ಮೈಯಿಂದ. ಮಣ್ಣಿನೊಳಗೆ ಅದು ಹೆಚ್ಚೆಂದರೆ ಮಿಲಿಮೀಟರ್ ಲೆಕ್ಕದಲ್ಲಿ ಇಳಿಯುತ್ತದೆ. ನಿಮ್ಮ ಬೋರ್ ಹೋಗುವುದು ನೂರಾರು ಅಡಿ. ಗಂಜ್‌ನಲ್ಲಿ ಬಾಯಿ ಹೊಲಿದ ತೊಗರಿ ಚೀಲವನ್ನು ದೂರದಿಂದ ನೋಡಿ, ತಳದಲ್ಲಿ ಕಲ್ಲು ಎಷ್ಟಿದೆ ಹೇಳು ಅಂದರೆ ಯಾವ ವ್ಯಾಪಾರಿ ಹೇಳುತ್ತಾನೆ?

ಇಷ್ಟು ಹೇಳಿದ ಮೇಲೆ ಒಂದು ಮಾತು ಬಂದೇ ಬರುತ್ತದೆ: "ಚಂದ್ರನ ಮ್ಯಾಲಿನ ನೀರು ಹುಡುಕ್ಯಾರ, ನಮ್ಮ ಹೊಲದಾಗಿಂದು ಕಾಣಂಗಿಲ್ಲೇನ್ರಿ?" ಒಳ್ಳೆಯ ಪ್ರಶ್ನೆಯೇ. ಚಂದ್ರಯಾನ-1ರಲ್ಲಿದ್ದ ನಾಸಾದ ಎಂ-ತ್ರೀ ಉಪಕರಣ ಕೂಡ ಇಮೇಜಿಂಗ್ ಸ್ಪೆಕ್ಟ್ರೋಮೀಟರೇ. 2009ರಲ್ಲಿ ಅದು ಚಂದ್ರನ ಮೇಲೆ ನೀರಿನ ಗುರುತು ಪತ್ತೆ ಮಾಡಿತು ಅನ್ನುವುದೂ ನಿಜ. ಆದರೆ ಏನು ಸಿಕ್ಕಿತು? ಬಾವಿಯಲ್ಲ, ಹೊಂಡವಲ್ಲ. ಮೇಲಿನ ಕೆಲವೇ ಮಿಲಿಮೀಟರ್ ಮಣ್ಣಿನ ಕಣಗಳಿಗೆ ಅಂಟಿಕೊಂಡ ಅಣುಗಳು. ಅಲ್ಲೂ ಅದು ನೋಡಿದ್ದು ಮೇಲ್ಮೈಯನ್ನೇ! ಜೊತೆಗೆ ಚಂದ್ರನಿಗೆ ನಮ್ಮಂಥ ಗಾಳಿ ಇಲ್ಲ. ಇಲ್ಲಿ ಗಾಳಿಯಲ್ಲಿರುವ ಆವಿಯೇ 1400 ಮತ್ತು 1900 ನ್ಯಾನೋಮೀಟರ್ ಹತ್ತಿರದ ಬೆಳಕನ್ನು ನುಂಗಿಬಿಡುತ್ತದೆ. ನೀರಿನ ಗುರುತು ಗಟ್ಟಿಯಾಗಿ ಕಾಣಬೇಕಾದ ಜಾಗಗಳೇ ಅವು.

"ಸರ್ಕಾರದವರೇ ಅಂತರ್ಜಲದ ನಕ್ಷೆ ಮಾಡಿದ್ದಾರಲ್ಲ?" ಮಾಡಿದ್ದಾರೆ, ಒಳ್ಳೆಯ ನಕ್ಷೆಗಳೇ. ಆದರೆ ಅವುಗಳಲ್ಲಿ ಯಾರೂ ನೀರನ್ನು ನೋಡಿಲ್ಲ. ಬಂಡೆಯ ಜಾತಿ, ಹಳ್ಳದ ಓಟ, ನೆಲದ ಮೇಲೆ ಉದ್ದಕ್ಕೆ ಕಾಣುವ ಬಿರುಕಿನ ಗೆರೆ, ಇವನ್ನು ಉಪಗ್ರಹ ಚಿತ್ರದಲ್ಲಿ ಗುರುತಿಸಿ, ಇಂಥ ಕಡೆ ನೀರು ಇರಬಹುದು ಎಂದು ಭೂವಿಜ್ಞಾನಿಗಳು ಊಹಿಸಿದ್ದಾರೆ. ಅದಕ್ಕೆ ನೂರಾರು ಬ್ಯಾಂಡ್ ಬೇಕಿಲ್ಲ, ಮಾಮೂಲಿ ಚಿತ್ರ ಸಾಕು. ನಕ್ಷೆಯ ಅಳತೆ 1:50,000. ಅಂದರೆ ಅದರಲ್ಲಿ ಪೆನ್ಸಿಲ್‌ನಿಂದ ಒಂದು ಮಿಲಿಮೀಟರ್ ಚುಕ್ಕೆ ಇಟ್ಟರೆ ನೆಲದ ಮೇಲೆ 50 ಮೀಟರ್ ಆಯಿತು. ಪಾಯಿಂಟ್ ಎಲ್ಲಿಂದ ಬಂತು?

ಬೇಸಿಗೆಯಲ್ಲಿ ಹಸಿರು ಕಂಡ ಕಡೆ ಕೆಳಗೆ ನೀರಿದೆ ಅನ್ನುವ ವಾದವೂ ಇದೆ. ಇರಬಹುದು. ಪಕ್ಕದವರ ಕಬ್ಬಿನ ಗದ್ದೆಯ ನೀರು ನಿಮ್ಮ ಬದುವಿಗೆ ಸೋರಿರಲೂಬಹುದು. ಇನ್ನು ಗ್ರೇಸ್ ಎಂಬ ಉಪಗ್ರಹಗಳ ಜೋಡಿ ಅಂತರ್ಜಲ ಇಳಿದದ್ದನ್ನು ಅಳೆದದ್ದು ನಿಜ. ಆದರೆ ಅದು ಬೆಳಕಿನಿಂದ ಅಲ್ಲ, ಭೂಮಿಯ ಗುರುತ್ವದಲ್ಲಾಗುವ ಸಣ್ಣ ಏರುಪೇರಿನಿಂದ. ಅದರ ಒಂದು ಅಳತೆಯೊಳಗೆ ನಮ್ಮ ಇಡೀ ಜಿಲ್ಲೆ ಮುಳುಗಿಹೋಗುತ್ತದೆ. ನಿಮ್ಮ ನಾಲ್ಕು ಎಕರೆ ಯಾವ ಲೆಕ್ಕ?

ಇಮೇಜಿಂಗ್ ಸ್ಪೆಕ್ಟ್ರೋಮೀಟರ್‌ಗೆ ನಿಜವಾಗಿ ಕಾಣುವುದೇನು ಅಂದರೆ, ಮೇಲೆ ಇರುವುದೆಲ್ಲ, ಚೆನ್ನಾಗಿ. ಸೇಡಂ, ಶಹಾಬಾದ್ ಕಡೆಯ ಸುಣ್ಣದ ಕಲ್ಲು 2340 ನ್ಯಾನೋಮೀಟರ್ ಹತ್ತಿರ ಬೆಳಕು ನುಂಗುತ್ತದೆ. ಎರೆಮಣ್ಣಿನ ಜೇಡಿ 2200ರ ಹತ್ತಿರ. ಬೀದರಿನ ಕೆಂಪು ಜಂಬಿಟ್ಟಿಗೆಯಲ್ಲಿರುವ ಕಬ್ಬಿಣ 900ರ ಆಸುಪಾಸು. ಹಾಳೆ ಮೇಲೆ ಗೆರೆ ಎಳೆದು ತೋರಿಸಿದರೆ ಮಕ್ಕಳು ಕೂಡ ಯಾವುದು ಯಾವುದೆಂದು ಹೇಳುತ್ತಾರೆ. ಆದರೆ ಅದೇ ಸುಣ್ಣದ ಕಲ್ಲಿನ ಮೇಲೆ ಗೇಣುದ್ದ ಎರೆಮಣ್ಣು ಇದ್ದರೆ ಮುಗಿಯಿತು, ಕಲ್ಲು ಮಾಯ, ಮಣ್ಣು ಮಾತ್ರ ಕಾಣುತ್ತದೆ. ಕಲ್ಲೇ ಕಾಣದಿದ್ದ ಮೇಲೆ ಅದರ ಸಂದಿಯ ನೀರು ಕಾಣುತ್ತದಾ?

ಬೋರ್ ಹಾಕಲೇಬೇಕು ಅಂದರೆ ನೆಲಕ್ಕೆ ನಾಲ್ಕು ಕಂಬಿ ನೆಟ್ಟು, ಕರೆಂಟ್ ಹರಿಸಿ ಅಳೆಯುವ ಭೂವಿಜ್ಞಾನಿಯನ್ನು ಕರೆಸಿ. ಅವರು ಹೇಳುವುದೂ ಸಾಧ್ಯತೆಯನ್ನೇ, ಗ್ಯಾರಂಟಿ ಅಲ್ಲ. ಗ್ಯಾರಂಟಿ ಕೊಡುವವರನ್ನು ದೂರ ಇಡಿ. ತೆಂಗಿನಕಾಯಿ ಇದ್ದ ಕೈಗೆ ಲ್ಯಾಪ್‌ಟಾಪ್ ಬಂದಿದೆ, ಅಷ್ಟೇ.

ನನಗೆ ಬೇಜಾರಾಗುವುದು ಇನ್ನೊಂದಕ್ಕೆ. ತೊಗರಿ ನಾಡಿನಲ್ಲಿ ಕೂತು, ಈ ಸ್ಪೆಕ್ಟ್ರೋಮೀಟರ್‌ನಿಂದ ನೆಟೆ ರೋಗ ಗೊತ್ತಾಗುತ್ತಾ ಅಂತ ಒಬ್ಬರೂ ಕೇಳುವುದಿಲ್ಲ. ಅದು ಈ ಉಪಕರಣಕ್ಕೆ ತಕ್ಕ ಕೆಲಸ. ಶಿಲೀಂಧ್ರ ಬೇರಿನಿಂದ ಹೊಕ್ಕು ಗಿಡದ ನೀರಿನ ನಾಳಗಳನ್ನು ಕಟ್ಟಿಬಿಡುತ್ತದೆ. ಎಲೆಯಲ್ಲಿ ನೀರೂ ಹಸಿರೂ ಇಳಿಯುತ್ತವೆ. ಆರೋಗ್ಯವಾದ ಎಲೆಯ ಬೆಳಕು ಕೆಂಪಿನಿಂದ ಇನ್‌ಫ್ರಾರೆಡ್‌ಗೆ ಹೋಗುವಾಗ, 700 ನ್ಯಾನೋಮೀಟರ್ ಆಚೀಚೆ, ಒಮ್ಮೆಲೇ ಮೇಲೇರುತ್ತದೆ. ಸೊರಗಿದ ಎಲೆಯಲ್ಲಿ ಆ ಏರು ಕೆಂಪಿನ ಕಡೆ ಸರಿಯುತ್ತದೆ. ಮೂರು ಬಣ್ಣದ ಕ್ಯಾಮೆರಾಗೆ ಇದು ತಿಳಿಯದು.

ತೊಡಕೂ ಇದೆ. ಹೈಸಿಸ್‌ನ ಒಂದು ಪಿಕ್ಸೆಲ್ 30 ಮೀಟರ್ ಉದ್ದ, ಅಷ್ಟೇ ಅಗಲ. ಒಂದು ಎಕರೆಗೆ ನಾಲ್ಕೂವರೆ ಪಿಕ್ಸೆಲ್. ಅಲ್ಲೊಂದು ಇಲ್ಲೊಂದು ಗಿಡ ಒಣಗಿದರೆ ಅದರಲ್ಲಿ ಕರಗಿಹೋಗುತ್ತದೆ. ಮಳೆಗಾಲದ ಮೋಡದ ಮೂಲಕ ಇದಕ್ಕೇನೂ ಕಾಣುವುದಿಲ್ಲ. ಬರಕ್ಕೆ ಬಾಡಿದ ಗಿಡವೂ ನೆಟೆ ಹತ್ತಿದ ಗಿಡವೂ ಮೇಲಿನಿಂದ ಹೆಚ್ಚುಕಮ್ಮಿ ಒಂದೇ ಥರ. ಹಾಗಾಗಿ ಚಿತ್ರದಲ್ಲಿ ಸೊರಗಿದ ಜಾಗ ಗುರುತಿಸಿಕೊಂಡು, ಅಲ್ಲಿಗೆ ಹೋಗಿ ಕಾಂಡ ಸೀಳಿ ನೋಡಬೇಕು. ಒಳಗೆ ಕಂದು-ಕಪ್ಪು ಗೆರೆ ಇದ್ದರೆ ನೆಟೆ. ಹೂವು, ಕಾಯಿ ಬಿಡುವ ಹೊತ್ತಿಗೆ ರೋಗ ಜೋರಾಗುತ್ತದೆ, ಆಗ ಆಕಾಶವೂ ತಿಳಿಯಾಗಿರುತ್ತದೆ. ಆ ವರ್ಷದ ಗಿಡ ಉಳಿಯುವುದಿಲ್ಲ ಬಿಡಿ. ಆದರೆ ಶಿಲೀಂಧ್ರ ಮಣ್ಣಿನಲ್ಲಿ ವರ್ಷಗಟ್ಟಲೆ ಕೂತಿರುತ್ತದೆ. ಮುಂದಿನ ಸಲ ಯಾವ ಹೊಲದಲ್ಲಿ ತೊಗರಿ ಬಿಟ್ಟು ಜೋಳ ಹಾಕಬೇಕು ಅಂತ ತೀರ್ಮಾನಿಸಲು ಆ ನಕ್ಷೆ ಉಪಯೋಗಕ್ಕೆ ಬರುತ್ತದೆ.