ಚಾರ್ಟ್ ಇಲ್ಲದ ಹಳೆ ಲೇತ್‌ನಲ್ಲಿ ಥ್ರೆಡ್ ಗೇರ್ ಜೋಡಿಸುವುದು

ಹಳೆ ಬೆಲ್ಟ್ ಲೇತ್, ಅಂದರೆ ಲೋಹದ ತುಂಡನ್ನು ತಿರುಗಿಸಿ ಕತ್ತರಿಸುವ ಮಷಿನ್. ಗೇರ್‌ಬಾಕ್ಸ್ ಇಲ್ಲ. ಯಾವ ಥ್ರೆಡ್‌ಗೆ ಯಾವ ಗೇರ್ ಎಂದು ಬರೆದಿದ್ದ ತಗಡು ಎಂದೋ ಕಳೆದುಹೋಗಿದೆ. ಉಳಿದಿರುವುದು ಗ್ರೀಸ್ ಮೆತ್ತಿದ ಒಂದು ರಾಶಿ ಗೇರ್. ನಾನು ಕಲಿತದ್ದು ಇಂಥ ಮಷಿನ್ ಮೇಲೆಯೇ, ಆದ್ದರಿಂದ ಅಲ್ಲಿಂದಲೇ ಶುರು ಮಾಡುತ್ತೇನೆ.

ತುಂಡನ್ನು ಹಿಡಿದು ತಿರುಗಿಸುವ ಚಕ್ ಒಂದು ಸುತ್ತು ತಿರುಗುವಷ್ಟರಲ್ಲಿ ಟೂಲ್ ಎಷ್ಟು ಸರಿಯಿತೋ ಅದೇ ಪಿಚ್. ಟೂಲನ್ನು ಎಳೆಯುವುದು ಲೀಡ್ ಸ್ಕ್ರೂ, ಮಷಿನ್ ಉದ್ದಕ್ಕೂ ಇರುವ ಉದ್ದನೆಯ ಸ್ಕ್ರೂ. ಚಕ್‌ಗೂ ಲೀಡ್ ಸ್ಕ್ರೂಗೂ ನಡುವೆ ನಾವು ಹಾಕುವ ಗೇರ್‌ಗಳು. ಸುಮಾರು 1800ರಲ್ಲಿ ಲಂಡನ್‌ನ ಹೆನ್ರಿ ಮಾಡ್‌ಸ್ಲೇ ಕಟ್ಟಿದ ಲೇತ್‌ನಲ್ಲೂ ಇದ್ದದ್ದು ಇದೇ ಉಪಾಯ.

ಲೆಕ್ಕ ಹೀಗೆ: ಲೀಡ್ ಸ್ಕ್ರೂನಲ್ಲಿ ಇಂಚಿಗೆ ಎಷ್ಟು ಥ್ರೆಡ್ ಇದೆಯೋ ಅದು ಮೇಲೆ, ನಮಗೆ ಬೇಕಾದದ್ದು ಕೆಳಗೆ. ಅರ್ಧ ಇಂಚಿನ ನಲ್ಲಿ ಪೈಪಿಗೆ ಇಂಚಿಗೆ 14 ಥ್ರೆಡ್ ಬೇಕು. ಲೀಡ್ ಸ್ಕ್ರೂ 4ರದ್ದು. 4/14, ಎರಡನ್ನೂ 5ರಿಂದ ಗುಣಿಸಿದರೆ 20/70. ಮೇಲಿನದು ಡ್ರೈವರ್ (ತಿರುಗಿಸುವ ಗೇರ್), ಚಕ್ ಕಡೆಯ ಗಿಡ್ಡ ಶಾಫ್ಟ್ ಆದ ಸ್ಟಡ್‌ಗೆ. ಕೆಳಗಿನದು ಡ್ರಿವನ್ (ತಿರುಗಿಸಿಕೊಳ್ಳುವ ಗೇರ್), ಲೀಡ್ ಸ್ಕ್ರೂ ತುದಿಗೆ. ನಡುವಿನ ಖಾಲಿ ಜಾಗ ತುಂಬಲು ಯಾವ ಐಡ್ಲರ್ (ನಡುವಿನ ಗೇರ್) ಹಾಕಿದರೂ ಅನುಪಾತ ಬದಲಾಗುವುದಿಲ್ಲ, ದಿಕ್ಕು ಮಾತ್ರ ಬದಲಾಗುತ್ತದೆ.

ನಾನೂ ಸುಮ್ನೆ 20, 70 ಹಾಕಿ ಓಡಿಸಿದೆ. ಪಿಚ್ ಗೇಜ್ (ಥ್ರೆಡ್ ಅಳೆಯುವ ಹಲ್ಲಿನ ತಗಡು) ಇಟ್ಟು ನೋಡಿದರೆ ಇಂಚಿಗೆ 28! ಒಂದು ಒಳ್ಳೆ ತುಂಡು ಗುಜರಿಗೆ ಹೋಯಿತು. ನನ್ನ ಲೇತ್‌ನಲ್ಲಿ ಚಕ್ ಎರಡು ಸುತ್ತು ತಿರುಗಿದರೆ ಸ್ಟಡ್ ಒಂದೇ ಸುತ್ತು ತಿರುಗುತ್ತದೆ. ಇದು ಹೊರಗಿನಿಂದ ಕಾಣುವುದೇ ಇಲ್ಲ. ಅಲ್ಲಿಗೆ ಬೇಕಿದ್ದದ್ದು 40/70.

ಅದಕ್ಕೇ ಹೇಳುವುದು, ಲೆಕ್ಕಕ್ಕೆ ಮೊದಲು ಮಷಿನನ್ನೇ ಕೇಳಿ. ಸ್ಟಡ್‌ಗೂ ಲೀಡ್ ಸ್ಕ್ರೂಗೂ ಒಂದೇ ಹಲ್ಲಿನ ಗೇರ್ ಹಾಕಿ. ಹಾಫ್ ನಟ್ (ಟೂಲ್ ಹೊತ್ತ ಕ್ಯಾರೇಜನ್ನು ಲೀಡ್ ಸ್ಕ್ರೂಗೆ ಜೋಡಿಸುವ ನಟ್) ಹಿಡಿಸಿ, ಚಕ್ಕನ್ನು ಕೈಯಲ್ಲಿ ಎರಡು ಸುತ್ತು ತಿರುಗಿಸಿ, ಸಡಿಲವೆಲ್ಲ ಕಳೆಯಲಿ. ಚಕ್ ಮೇಲೆ ಸೀಮೆಸುಣ್ಣದ ಗುರುತು ಹಾಕಿ, ಅದೇ ದಿಕ್ಕಿನಲ್ಲಿ ಇನ್ನೂ 4 ಸುತ್ತು ಕೊಡಿ. 4ರ ಲೀಡ್ ಸ್ಕ್ರೂ ಇದ್ದು ಕ್ಯಾರೇಜ್ ಪೂರ್ತಿ ಒಂದು ಇಂಚು ಸರಿದರೆ ಸ್ಟಡ್ ಸಮ, ಚಕ್ ಒಂದು ಸುತ್ತಿಗೆ ಅದೂ ಒಂದು ಸುತ್ತು. ಅರ್ಧ ಇಂಚು ಸರಿದರೆ ನಿಮ್ಮದೂ ನನ್ನದರಂತೆ, ಡ್ರೈವರ್ ಹಲ್ಲು ಎರಡರಷ್ಟು ಬೇಕು. ಹಾಗೇ ಗೇರ್ ಮೇಲೆ ಒತ್ತಿದ ಅಂಕಿಯನ್ನೂ ನಂಬಬೇಡಿ, ಹಲ್ಲು ಎಣಿಸಿ.

ಇನ್ನು ಸ್ಟಡ್ ಸಮ ಇರುವ ಲೇತ್‌ನಲ್ಲಿ ಇಂಚಿಗೆ 32 ಬೇಕು ಎನ್ನಿ. 4/32 ಎಂದರೆ 1/8. 20ಕ್ಕೆ 160 ಹಲ್ಲಿನ ಗೇರ್ ಎಲ್ಲಿಂದ ತರೋಣ? ಎರಡು ಜೋಡಿಯಾಗಿ ಒಡೆಯಬೇಕು: 20/80 ಮತ್ತು 30/60. ಮೊದಲ ಜೋಡಿಯ ಡ್ರಿವನ್, ಎರಡನೆಯದರ ಡ್ರೈವರ್ ಎರಡೂ ನಡುವಿನ ಒಂದು ಪಿನ್ ಮೇಲೆ ಒಟ್ಟಿಗೇ ತಿರುಗುತ್ತವೆ. ಲೆಕ್ಕಕ್ಕೆ ಯಾವ ಜೋಡಿ ಮೊದಲು ಬಂದರೂ ಒಂದೇ, ಆದರೆ ಮಷಿನ್‌ಗೆ ಒಂದೇ ಅಲ್ಲ. 20/80 ಮೊದಲು ಬಂದರೆ ನಡುವಿನ ಪಿನ್ ಮೇಲೆ 80 ಕೂರುತ್ತದೆ. ಆ ದೊಡ್ಡ ಗೇರ್ ಲೀಡ್ ಸ್ಕ್ರೂ ಶಾಫ್ಟಿಗೇ ತಾಗುವ ಸಂಭವ ಜಾಸ್ತಿ, ಯಾಕೆಂದರೆ ಆ ಶಾಫ್ಟ್ ಅಲ್ಲಿಂದ 30, 60 ಗೇರ್‌ಗಳ ದೂರದಲ್ಲಷ್ಟೇ ಇದೆ. 30/60 ಮೊದಲು ಹಾಕಿ, ನಡುವಿನ ಪಿನ್ ಮೇಲೆ 60ರ ಜೊತೆ 20 ಕೂರಿಸಿ, ಲೀಡ್ ಸ್ಕ್ರೂಗೆ 80 ಹಾಕಿದರೆ ಜಾಗ ಬೇಕಾದಷ್ಟು ಉಳಿಯುತ್ತದೆ.

ಹಲ್ಲುಗಳ ನಡುವೆ ಒಂದು ನೋಟ್‌ಬುಕ್ ಹಾಳೆಯ ತುಂಡು ಇಟ್ಟು ಒತ್ತಿ, ನಟ್ ಬಿಗಿ ಮಾಡಿ, ಆಮೇಲೆ ಹಾಳೆ ಎಳೆದುಬಿಡಿ. ತೀರಾ ಬಿಗಿಯಾದರೆ ಗೇರ್ ಅರಚುತ್ತದೆ. ಪವರ್ ಕೊಡುವ ಮೊದಲು ಕೈಯಿಂದಲೇ ಮತ್ತೊಮ್ಮೆ ಪರೀಕ್ಷೆ: 14ರ ಥ್ರೆಡ್‌ಗೆ ಚಕ್ 14 ಸುತ್ತು, ಕ್ಯಾರೇಜ್ 25.4 ಮಿಮೀ. ಆಮೇಲೆ ಕೂದಲೆಳೆಯಷ್ಟು ಗೀರು ಎಳೆದು ಗೇಜ್ ಇಡಿ.

ಮೆಟ್ರಿಕ್ ಥ್ರೆಡ್‌ಗೆ 127ರ ಗೇರ್ ಬೇಕು, ಯಾಕೆಂದರೆ ಐದು ಇಂಚು ಅಂದರೆ ಸರಿಯಾಗಿ 127 ಮಿಮೀ. 4ರ ಲೀಡ್ ಸ್ಕ್ರೂನಲ್ಲಿ 2 ಮಿಮೀ ಪಿಚ್‌ಗೆ 40/127. ಹಳೆ ಲೇತ್‌ಗಳ ಡಬ್ಬದಲ್ಲಿ ಇದೊಂದೇ ಕಾಣೆಯಾಗಿರುತ್ತದೆ, ಅಲ್ವಾ? 63ರ ಗೇರ್‌ನಿಂದಲೂ ಹತ್ತಿರ ಹೋಗಬಹುದು. ಒಂದು ಇಂಚನ್ನು 1600/63 ಮಿಮೀ ಎಂದುಕೊಂಡರೆ ತಪ್ಪು ನೂರಕ್ಕೆ 0.0125 ಮಾತ್ರ. ಸಾಮಾನ್ಯ ಬೋಲ್ಟಿಗೆ ಇದು ಧಾರಾಳ ಸಾಕು.

ಇಂಚಿನ ಲೀಡ್ ಸ್ಕ್ರೂನಲ್ಲಿ ಮೆಟ್ರಿಕ್ ಕತ್ತರಿಸುವಾಗ ಕೆಲಸ ಮುಗಿಯುವವರೆಗೆ ಹಾಫ್ ನಟ್ ಬಿಡಿಸಬೇಡಿ. ಟೂಲ್ ಹಿಂದೆ ಸರಿಸಿ, ಮೋಟಾರ್ ಉಲ್ಟಾ ತಿರುಗಿಸಿ ವಾಪಸ್ ಬನ್ನಿ. ಉಲ್ಟಾ ಮಾತ್ರ ನಿಧಾನಕ್ಕೆ: ಹಳೆ ಲೇತ್‌ಗಳಲ್ಲಿ ಚಕ್ಕು ಸ್ಪಿಂಡಲ್ (ಚಕ್ ತಿರುಗಿಸುವ ಶಾಫ್ಟ್) ಮೇಲಿನ ಥ್ರೆಡ್‌ಗೇ ಕೂತಿರುತ್ತದೆ, ಜೋರಾಗಿ ಜಗ್ಗಿದರೆ ಬಿಚ್ಚಿಕೊಂಡು ಕೈಗೇ ಬರುತ್ತದೆ.